ಮಣಿಕಟ್ಟಿನಿಂದ ನೆಲದವರೆಗೆ

ಹೈದರಾಬಾದಿನ ಕೊಂಡಾಪುರದಲ್ಲಿ ಮನುಷ್ಯರಿಗೆ ಮನೆ ಸಿಗುವುದು ಕಷ್ಟ. ಪಾರಿವಾಳಗಳಿಗೆ ಆ ತಾಪತ್ರಯವಿಲ್ಲ. ನಮ್ಮ ಅಡುಗೆಮನೆ ಬಾಲ್ಕನಿಯ ಮೇಲ್ಮೂಲೆಯಲ್ಲಿ, ಎ.ಸಿ. ಪೆಟ್ಟಿಗೆಯ ಹಿಂದೆ, ಕಸಬರಿಗೆ ಕಡ್ಡಿ, ತಂತಿಯ ಚೂರು, ಯಾರದೋ ತಲೆಗೂದಲು ಎಲ್ಲ ತಂದು ಒಟ್ಟಿಕೊಂಡು, ಬಾಡಿಗೆದಾರಳು ನಾನೇ ಏನೋ ಎಂಬಂತೆ ಗುಟುರು ಹಾಕುತ್ತ ಕೂತಿರುತ್ತವೆ. ಅವನ್ನು ಓಡಿಸಲು ನಾನು ಬಳಸುವುದು ಒಂದು ಗಾಲ್ಫ್ ಡ್ರೈವರ್.

ಗಾಲ್ಫ್ ಅಂದ ಕೂಡಲೇ ಎದ್ದು ಹೋಗಬೇಡಿ. ನನಗೂ ಆ ಆಟ ಬರುವುದಿಲ್ಲ. ಡ್ರೈವರ್ ಅಂದರೆ ಮೊದಲ ಹೊಡೆತಕ್ಕೆ, ಚೆಂಡನ್ನು ಎಲ್ಲಕ್ಕಿಂತ ದೂರ ಅಟ್ಟುವುದಕ್ಕೆ ಇರುವ ಕೋಲು. ತುದಿಯಲ್ಲಿ ಮುಷ್ಟಿಗಿಂತ ದೊಡ್ಡದಾದ ಟೊಳ್ಳು ಲೋಹದ ತಲೆ. ಆ ತಲೆಗೂ ಹಿಡಿಕೆಗೂ ನಡುವಿನ ದಂಡಕ್ಕೆ ಶಾಫ್ಟ್ ಎನ್ನುತ್ತಾರೆ. ಆಟಗಾರನ ಚೀಲದಲ್ಲಿ ಎಲ್ಲಕ್ಕಿಂತ ಉದ್ದದ ಕೋಲು ಇದೇ ಆಗಿರಬೇಕು.

ಮೊನ್ನೆ ಮನೆಗೆಲಸಕ್ಕೆ ಬರುವ ನರಸಮ್ಮ, ನಾರಾಯಣಪೇಟೆ ಕಡೆಯವಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆ ಕೋಲನ್ನು ಕೈಗೆತ್ತಿಕೊಂಡಳು. ಎರಡು ಸಲ ಬೀಸಿದಳು. ಪಾರಿವಾಳ ಕತ್ತು ಕೊಂಕಿಸಿ ಅವಳನ್ನೇ ನೋಡಿತು.

"ಮುಟ್ಟಂಗಿಲ್ರೀ ಅಕ್ಕಾರ. ಇದು ಮೋಟ ಐತಿ. ಯಾರ ತಂದ್ರಿ ಇದನ್ನ? ತರಾವ್ರು ಒಂಚೂರು ಉದ್ದಂದು ತರಬಾರದೇನ್ರಿ?"

ತಂದವರು ಉದ್ದದ್ದನ್ನೇ ತಂದಿದ್ದರು. ಆಮೇಲೆ ಅದು ಗಿಡ್ಡವಾಯಿತು. ಅವರೂ ಗಿಡ್ಡವಾದರು. ಇದನ್ನೆಲ್ಲ ನರಸಮ್ಮನಿಗೆ ನಿಂತ ಕಾಲಲ್ಲಿ ಹೇಳಲಾಗಲಿಲ್ಲ. ನೀವು ಕೂತಿದ್ದೀರಿ, ನಿಮಗೆ ಹೇಳುತ್ತೇನೆ.

ತಂದವರು ನನ್ನ ಗಂಡ, ಚನ್ನವೀರ. ಈಗ ಇಲ್ಲ. ಅದನ್ನು ಕೊನೆಯವರೆಗೆ ಬಚ್ಚಿಟ್ಟು ನಿಮ್ಮನ್ನು ಅಳಿಸುವ ಆಸೆ ನನಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಬದುಕಿರುವವರೆಗೆ ಹೆಸರು ಹಿಡಿದು ಕರೆದವಳಲ್ಲ. "ಇವರು" ಎನ್ನುತ್ತಿದ್ದೆ. ಈಗಲೂ ಬಾಯಿಗೆ ಅದೇ ಬರುತ್ತದೆ, ಹಾಗೆಯೇ ಬರೆಯುತ್ತೇನೆ.

ಇವರದು ಸೇಡಂ, ನನ್ನದು ಬೀದರ್. ಮದುವೆಯಾದ ಹೊಸತರಲ್ಲಿ ಬೇಗಂಪೇಟೆಯಲ್ಲಿ ಬಾಡಿಗೆಗಿದ್ದೆವು. ಆಗ ವಿಮಾನಗಳು ಅಲ್ಲೇ ಇಳಿಯುತ್ತಿದ್ದವು. ನಮ್ಮ ಜಗಳಗಳೆಲ್ಲ ಅರ್ಧಕ್ಕೆ ನಿಲ್ಲುತ್ತಿದ್ದವು. ವಿಮಾನ ತಲೆ ಮೇಲೆ ಹಾದುಹೋಗುವವರೆಗೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕು, ಸದ್ದು ಅಡಗುವಷ್ಟರಲ್ಲಿ ಎಲ್ಲಿಗೆ ಬಿಟ್ಟಿದ್ದೆವು ಎನ್ನುವುದೇ ಮರೆತುಹೋಗಿರುತ್ತಿತ್ತು. ಆಮೇಲೆ ಸಾಫ್ಟ್‌ವೇರ್ ಬಂತು, ಊರು ಪಶ್ಚಿಮಕ್ಕೆ ಓಡಿತು, ನಾವೂ ಅದರ ಹಿಂದೆ ಕೊಂಡಾಪುರಕ್ಕೆ ಓಡಿಬಂದೆವು. ಆಗ ಇಲ್ಲಿ ಬಂಡೆ ಒಡೆಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ವಿಮಾನವಿಲ್ಲದ್ದರಿಂದ ಜಗಳಗಳು ಪೂರ್ತಿಯಾಗತೊಡಗಿದವು. ಇವರು ಇಲ್ಲಿನ ಒಂದು ಕಂಪನಿಯಲ್ಲಿ ಮ್ಯಾನೇಜರ್, ನಾನು ಹಿಮಾಯತ್‌ನಗರದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ದಿನಾ ಬಸ್ಸಿನಲ್ಲಿ ಊರಿನ ಈ ಕೊನೆಯಿಂದ ಆ ಕೊನೆಗೆ ಹೋಗಿಬರುತ್ತಿದ್ದೆ.

ಆ ಕಾಲ ಹೇಗಿತ್ತೆಂದರೆ, ಸೇಡಮ್ಮಿನ ಚನ್ನವೀರ ಅಮೆರಿಕದವರ ಬಾಯಲ್ಲಿ "ಚಾನ್" ಆದರು. ಫೋನಿನಲ್ಲಿ ಆ ಹೆಸರು ಕೇಳಿ ಇವರನ್ನು ಚೀನಾದವರೆಂದು ತಿಳಿದು, ಒಬ್ಬ ಸಾಹೇಬ ಚೀನೀ ಹೊಸ ವರ್ಷದ ಶುಭಾಶಯವನ್ನೂ ಹೇಳಿದನಂತೆ. ಇವರು ಸುಮ್ಮನೆ "ಥ್ಯಾಂಕ್ಯೂ" ಅಂದರಂತೆ. ಯಾಕೆ ತಿದ್ದಲಿಲ್ಲ ಎಂದು ಕೇಳಿದರೆ, "ಪಾಪ, ಮನಸ್ಪೂರ್ವಕ ಹೇಳಿದ್ದ" ಅಂದರು. ಅಷ್ಟು ಸಾಧು. ನನ್ನ ಸಿಟ್ಟಿಗೆ ಅಂಥ ಗಂಡ ಸಿಕ್ಕಿದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಇನ್ನೂ ತೀರ್ಮಾನಿಸಿಲ್ಲ.

ಗಾಲ್ಫ್ ಮನೆಗೆ ಬಂದದ್ದು ಆ ಸಾಹೇಬರಿಂದಲೇ. ಅವರು ವರ್ಷಕ್ಕೆರಡು ಸಲ ಬರುತ್ತಿದ್ದರು. ಮೀಟಿಂಗಿನಲ್ಲಿ ಎಲ್ಲದಕ್ಕೂ ತಲೆಯಾಡಿಸಿ, ಶನಿವಾರ ಬೆಳಿಗ್ಗೆ ಊರಿನ ಹಳೆಯ ಕೋಟೆಯ ಪಕ್ಕದ ಮೈದಾನದಲ್ಲಿ ಗಾಲ್ಫ್ ಆಡುತ್ತ ನಿಜವಾದ ತೀರ್ಮಾನ ಮಾಡುತ್ತಿದ್ದರು. ಅಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದವರು ಮೇಲೆ ಹೋದರು, ಆಫೀಸಿನಲ್ಲಿ ಕೂತು ಕೆಲಸ ಮಾಡುತ್ತಿದ್ದವರು ಕೂತೇ ಇದ್ದರು. ಇದನ್ನು ಕಂಡುಹಿಡಿದು ಇವರಿಗೆ ಹೇಳಿದವನು ಸುಧಾಕರ, ಇವರ ಜೊತೆಗೆ ಕೆಲಸ ಮಾಡುತ್ತಿದ್ದವನು. ಕುಂದಾಪುರದಿಂದ ಕೊಂಡಾಪುರಕ್ಕೆ ಬಂದವನು, ಯಾವ ವಿಷಯವಾದರೂ ಮೊದಲು ಇಂಟರ್ನೆಟ್ಟಿನಲ್ಲಿ ಓದಿ, ಆಮೇಲೆ ಅದರಲ್ಲಿ ಹುಟ್ಟಿ ಬೆಳೆದವನಂತೆ ಮಾತಾಡುವವನು.

"ನಿಮ್ಮ ಹೈಟಿಗೆ ಮಾಮೂಲಿ ಡ್ರೈವರ್ ಸಾಲೂದಿಲ್ಲ ಮಾರಾಯ್ರೆ. ಉದ್ದ ಇದ್ದಷ್ಟು ಚೆಂಡು ದೂರ ಹೋಗ್ತದೆ. ಒಂದು ಇಂಚು ಜಾಸ್ತಿ ಉದ್ದದ್ದೇ ತಕೊಳ್ಳಿ," ಅಂದ.

ಇವರು ಆರಡಿಯ ಮೇಲೂ ಎರಡು ಇಂಚು ಇದ್ದರು. ನನ್ನ ಕಣ್ಣಿನ ನೇರಕ್ಕೆ ಇವರ ಅಂಗಿಯ ಜೇಬು ಬರುತ್ತಿತ್ತು. ಹಾಗಾಗಿ ಸುಧಾಕರನ ಮಾತು ಎಲ್ಲರಿಗೂ ಸರಿಯೆನಿಸಿತು. ಆಳು ಉದ್ದ, ಕೋಲೂ ಉದ್ದವಿರಲಿ. ಅಮೆರಿಕಕ್ಕೆ ಹೋದ ಯಾರೋ ಅಂಥದ್ದನ್ನೇ ತಂದುಕೊಟ್ಟರು. ಅದು ಬಂದ ದಿನ ಊಟದ ಹೊತ್ತಿಗೆ ಇವರೂ ಸುಧಾಕರನೂ ಡ್ರೈವರ್ ಉದ್ದದ ಬಗ್ಗೆ ಮಾತಾಡುತ್ತಿದ್ದಾಗ, ನಮ್ಮ ಜೊತೆಗೇ ಇದ್ದ ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಹೇಳಿದರು:

"ಡ್ರೈವರ್ ಉದ್ದ ಇದ್ರೇನು ಗಿಡ್ಡ ಇದ್ರೇನೋ ಯಪ್ಪಾ? ಕುಡೀಲಾರದಂಗ ಗಾಡಿ ಹೊಡದ್ರ ಸಾಕಿಲ್ಲೇನು?"

ಸುಧಾಕರ ತುತ್ತು ನೆತ್ತಿಗೇರಿ ಕೆಮ್ಮಿದ. ಅತ್ತೆಗೆ ತಿಳಿಸಿ ಹೇಳಿದ ಮೇಲೂ ಅವರು ಒಪ್ಪಲಿಲ್ಲ. ಕೋಲಿಗೆ ಡ್ರೈವರ್ ಎಂದು ಹೆಸರಿಟ್ಟವರ ಬುದ್ಧಿಯೇ ಸರಿಯಿಲ್ಲ ಎಂದು ಮತ್ತೆ ರೊಟ್ಟಿ ತಟ್ಟತೊಡಗಿದರು.

ಆ ಉದ್ದದ ಡ್ರೈವರ್ ಇವರ ಮಾತು ಕೇಳಲಿಲ್ಲ. ಚೆಂಡು ಒಮ್ಮೆ ಬಲಕ್ಕೆ ಮರಗಳಿಗೆ, ಒಮ್ಮೆ ಎಡಕ್ಕೆ ಎಮ್ಮೆಗಳ ಕಡೆಗೆ ಹಾರುತ್ತಿತ್ತು. ಅದೇ ಹೊತ್ತಿಗೆ ಬೆನ್ನೂ ನೋಯತೊಡಗಿತು. ಆ ವರ್ಷಗಳಲ್ಲಿ ಕೊಂಡಾಪುರದಲ್ಲಿ ಬೆನ್ನು ನೋಯದವರೇ ಇರಲಿಲ್ಲ. ಕುರ್ಚಿ, ಕಂಪ್ಯೂಟರ್, ಅಗೆದು ಬಿಟ್ಟ ರಸ್ತೆ, ಎಲ್ಲ ಸೇರಿ ಬೆನ್ನುನೋವು ಅಲ್ಲಿ ಗುರುತಿನ ಚೀಟಿಯ ಹಾಗೆ ಕೊರಳಲ್ಲೇ ತೂಗುತ್ತಿತ್ತು. ಆಫೀಸಿನ ಡಾಕ್ಟರು ನೋವಿನ ಮಾತ್ರೆ ಕೊಟ್ಟರು. ಸುಧಾಕರ ಬೇರೆ ಕಾರಣ ಕೊಟ್ಟ. ಅವನು ಹೊಸದಾಗಿ ಏನೋ ಓದಿಕೊಂಡು ಬಂದಿದ್ದ.

"ತಪ್ಪಾಯ್ತು ಮಾರಾಯ್ರೆ. ಹೈಟ್ ನೋಡಿ ಶಾಫ್ಟ್ ತಕೊಳ್ಳುದಲ್ವಂತೆ. ಮಣಿಕಟ್ಟಿನಿಂದ ನೆಲಕ್ಕೆ ಎಷ್ಟುಂಟು ಕಾಣ್ಬೇಕಂತೆ. ಶಾಫ್ಟ್ ಉದ್ದ ಸರಿ ಇಲ್ದಿದ್ರೆ ಬೆನ್ನು ನೋಯೂದೇ. ಅಕ್ಕ, ನಿಮ್ಮನೇಲಿ ಟೇಪ್ ಉಂಟಾ?"

ನಮ್ಮನೆಯಲ್ಲಿ ಟೇಪ್ ಉಂಟಾ ಎಂದು ಕೇಳುವುದು! ನಾನು ಟೇಲರ್ ಮಗಳು. ಬೀದರಿನ ಚೌಬಾರಾ ಹತ್ತಿರ ಅಪ್ಪನ ಅಂಗಡಿ. ನಾನು ಬೆಳೆದದ್ದು ಕತ್ತರಿಸಿದ ಬಟ್ಟೆಯ ಚೂರುಗಳ ರಾಶಿಯ ಮೇಲೆ. ಸುಣ್ಣದ ಬಿಲ್ಲೆಯ ವಾಸನೆ, ಇಸ್ತ್ರಿಪೆಟ್ಟಿಗೆಯ ಇದ್ದಿಲ ವಾಸನೆ, ಮಷೀನಿನ ಎಣ್ಣೆ ವಾಸನೆ, ಇವು ಮೂರೂ ಸೇರಿದರೆ ಇವತ್ತಿಗೂ ನನಗೆ ಹಸಿವಾಗುತ್ತದೆ, ಯಾಕೆಂದರೆ ಸ್ಕೂಲಿನಿಂದ ಬಂದು ತಿನ್ನುತ್ತಿದ್ದದ್ದು ಅಲ್ಲೇ ಕೂತು. ಅಪ್ಪ ಗಿರಾಕಿಯನ್ನು ಅಳೆಯುವ ಮುಂಚೆ ಯಾವಾಗಲೂ ಮಾತಿಗೆ ಎಳೆಯುತ್ತಿದ್ದರು. ಮಳೆ, ರಾಜಕೀಯ, ಬೀಗರು, ಏನಾದರೊಂದು. ಯಾಕೆಂದು ಕೇಳಿದರೆ, "ಟೇಪ್ ಕಂಡಕೂಡ್ಲೆ ಮನಿಶಾ ಹೊಟ್ಟಿ ಒಳಗ ತೊಗೋತಾನ, ಎದಿ ಮುಂದ ತರ್ತಾನ. ಮಾತಾಡಾಕ ಹಚ್ಚಿದ್ರ ಅವನ ಖರೇ ಅಳತಿ ಸಿಗ್ತೈತಿ ನೋಡವ್ವಾ" ಅನ್ನುತ್ತಿದ್ದರು. ಅಪ್ಪ ತೀರಿಕೊಂಡಾಗ ಅಣ್ಣಂದಿರು ಮಷೀನುಗಳನ್ನು ಹಂಚಿಕೊಂಡರು. ನಾನು ಹಳದಿ ಬಟ್ಟೆಯ ಟೇಪು ತಂದುಕೊಂಡೆ.

ಅದೇ ಟೇಪಿನಿಂದ ಇವರನ್ನು ಅಳೆದೆ. ಚಪ್ಪಲಿ ಬಿಡಿಸಿ, ಕೈ ಸಡಿಲ ಬಿಡಿಸಿ, ಅತ್ತೆಯ ಡ್ರೈವರ್ ಪ್ರಸಂಗ ತೆಗೆದು ನಗಿಸಿ, ನಗುತ್ತಿರುವಾಗಲೇ ಮಣಿಕಟ್ಟಿಗೆ ಟೇಪು ಹಿಡಿದು ನೆಲಕ್ಕಿಳಿಸಿದೆ. ಮೂವತ್ತೈದು ಇಂಚು. ಸುಧಾಕರ ತಾನು ತಂದಿದ್ದ ಹಾಳೆ ನೋಡಿ ಹುಬ್ಬೇರಿಸಿದ. ಅದು ಸಾಧಾರಣ ಎತ್ತರದವನ ಅಳತೆಯಂತೆ. ಇಷ್ಟು ಎತ್ತರದ ಆಳಿಗೆ ಅದು ಹೇಗೆ ಬಂತು?

ಉತ್ತರ ಅತ್ತೆಯ ಹತ್ತಿರ ಇತ್ತು. ಮಗನ ಬಗ್ಗೆ ಯಾರು ಕೇಳಿದರೂ ಅವರು ಮೊದಲು ಹೇಳುತ್ತಿದ್ದದ್ದು "ನನ್ನ ಮಗಾ ಆಜಾನುಬಾಹು" ಎಂದು. ನಮ್ಮಲ್ಲಿ ಆಜಾನುಬಾಹು ಅಂದರೆ ಬಾಗಿಲಿಗೆ ತಲೆ ತಗಲುವಂಥ ಆಳು, ದೊಡ್ಡ ದೇಹದವನು, ಅಷ್ಟೇ. ಆ ಮಾತಿನ ಒಳಗೆ ನಿಜವಾಗಿ ಇರುವುದು ಮೊಣಕಾಲು ಮುಟ್ಟುವ ಕೈ ಎನ್ನುವುದನ್ನು ಯಾರೂ ಯೋಚಿಸಿರುವುದಿಲ್ಲ. ಇವರ ಕೈಗಳು ನಿಜವಾಗಿಯೂ ಉದ್ದ. ಸಿದ್ಧ ಅಂಗಿ ಯಾವುದು ತಂದರೂ ತೋಳು ಸಾಲುತ್ತಿರಲಿಲ್ಲ, ನಾನೇ ಹೊಲಿಯುತ್ತಿದ್ದೆ. ಕೈ ಉದ್ದವಾದಷ್ಟೂ ಮಣಿಕಟ್ಟು ನೆಲಕ್ಕೆ ಹತ್ತಿರ. ಹತ್ತಿರವಾದಷ್ಟೂ ಕೋಲು ಗಿಡ್ಡವಿರಬೇಕು.

"ಅಂದ್ರ ನಾ ಉದ್ದ ಅಲ್ಲ, ನನ್ನ ಕೈ ಅಷ್ಟ ಉದ್ದ ಅಂತೀರಿ" ಎಂದು ಇವರು ಮುಖ ಸಣ್ಣ ಮಾಡಿದರು. ಎತ್ತರದ ಗಂಡಸಿಗೆ ಗಿಡ್ಡ ಕೋಲು ಹಿಡಿ ಅನ್ನುವುದು ಎಷ್ಟು ದೊಡ್ಡ ಅವಮಾನ ಎಂದು ನನಗೆ ಆ ದಿನ ಗೊತ್ತಾಯಿತು.

ಬೇಗಂಪೇಟೆಯಲ್ಲಿ ಆಟದ ಸಾಮಾನಿನ ಒಂದು ಅಂಗಡಿ ಇತ್ತು. ಹಿಡಿಕೆಯ ರಬ್ಬರ್ ಬಿಚ್ಚಿ, ಶಾಫ್ಟನ್ನು ಆ ಕೊನೆಯಿಂದ ಕೊಯ್ದು, ಹೊಸ ರಬ್ಬರ್ ಹಾಕಿಕೊಡುತ್ತಿದ್ದರು. ಉದ್ದ ಕಡಿಮೆಯಾದರೆ ತಲೆ ಹಗುರವೆನಿಸುತ್ತದಂತೆ, ಅದಕ್ಕೆ ಸೀಸದ ಪಟ್ಟಿಯೊಂದನ್ನು ಅಂಟಿಸಿದರು. ಒಂದು ಇಂಚು ಹೋಯಿತು. ಮುಂದಿನ ಶನಿವಾರವೇ ಚೆಂಡು ನೆಟ್ಟಗೆ ಹೋಯಿತು. ಇವರು ಮೈದಾನದಿಂದ ಫೋನ್ ಮಾಡಿ, "ಬೆನ್ನೂ ಹಗುರ ಆತು ನೋಡ" ಅಂದರು. ಮಾತ್ರೆ ತಿಂದಿದ್ದರೋ ಏನೋ. ಶಾಫ್ಟಿನ ಕೀರ್ತಿಗೆ ಅಡ್ಡ ಬರಬಾರದೆಂದು ನಾನು ಕೇಳಲಿಲ್ಲ.

ಚಳಿಗಾಲ ಕಳೆಯುವಷ್ಟರಲ್ಲಿ ನೋವು ಮತ್ತೆ ಬಂತು, ಈ ಸಲ ಜೋರಾಗಿ. ಚೆಂಡು ಮತ್ತೆ ಎಮ್ಮೆಗಳ ಕಡೆಗೆ. ಸುಧಾಕರ ಮತ್ತೆ ಅಳೆಯಲು ಹೇಳಿದ. ಅಳೆದೆ. ಮೂವತ್ತನಾಲ್ಕು.

"ಆಗ ನೀ ತಪ್ಪ ಅಳದಿದ್ದಿ" ಅಂದರು ಇವರು.

"ನಾನಾ? ತಪ್ಪಾ?" ಅಂದೆ. ಟೇಲರ್ ಮಗಳಿಗೆ ಅಳತೆ ತಪ್ಪು ಅನ್ನುವುದಕ್ಕಿಂತ ಬೇರೆ ಬೈಗುಳ ಇಲ್ಲ. ಆಗ ಚಪ್ಪಲಿ ಹಾಕಿಕೊಂಡಿದ್ದಿರಿ ಎಂದೆ. ಬಿಟ್ಟಿದ್ದೆ ಎಂದರು. ಬಿಟ್ಟಿರಲಿಲ್ಲ ಎಂದೆ. ಬಿಟ್ಟದ್ದು ನನಗೂ ನೆನಪಿತ್ತು, ಆದರೆ ಸೋಲಲು ಮನಸ್ಸಿರಲಿಲ್ಲ. ಕೊನೆಗೆ ಇಬ್ಬರೂ ಸೇರಿ ಅಪರಾಧವನ್ನು ಟೇಪಿನ ಮೇಲೆ ಹೊರಿಸಿದೆವು. ಬಟ್ಟೆಯ ಟೇಪು ಹಳತಾದರೆ ಜಗ್ಗುತ್ತದೆ, ಜಗ್ಗಿದರೆ ಇಂಚುಗಳು ಕಡಿಮೆ ಬರುತ್ತವೆ. ಇದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಮರುದಿನ ಆಫೀಸು ಬಿಟ್ಟು ಹಿಮಾಯತ್‌ನಗರದ ಬೀದಿಯಲ್ಲಿ ಹೊಸ ಟೇಪು ಕೊಂಡೆ. ಮನೆಗೆ ಬಂದು ಎರಡೂ ಟೇಪನ್ನು ಪಕ್ಕಪಕ್ಕ ಹಿಡಿದೆ. ಗೆರೆಗೆ ಗೆರೆ ಸರಿಯಾಗಿ ಕೂತಿತು. ಅಪ್ಪನ ಟೇಪು ಜಗ್ಗಿರಲಿಲ್ಲ.

ಆದರೂ ಕೋಲು ಮತ್ತೆ ಬೇಗಂಪೇಟೆಗೆ ಹೋಯಿತು. ಅಂಗಡಿಯವನು ಅದನ್ನು ನೋಡಿ, "ಪರ್‌ಸೋಂಚ್ ತೋ ಕಾಟಾ ನಾ ಸಾಬ್, ಫಿರ್ ಕಾಟೂಂ ಕ್ಯಾ?" ಅಂದ, ಮೊನ್ನೆ ತಾನೇ ಕೊಯ್ದೆನಲ್ಲ, ಮತ್ತೆ ಕೊಯ್ಯಲೇ ಎಂದು. ಹೈದರಾಬಾದಿನಲ್ಲಿ ಪರ್‌ಸೋಂ ಅಂದರೆ ಮೊನ್ನೆ ಅಂತಲ್ಲ, ಹೋದ ವರ್ಷವೂ ಪರ್‌ಸೋಂ, ಅಜ್ಜನ ಕಾಲವೂ ಪರ್‌ಸೋಂ. ಅರ್ಧ ಇಂಚು ಕೊಯ್ದುಕೊಟ್ಟ. ಆ ಶನಿವಾರವೂ ಚೆಂಡು ನೆಟ್ಟಗೆ ಹೋಯಿತು. ಇದೇ ನೋಡಿ ಆ ಕೋಲಿನ ಮೋಸ. ಪ್ರತಿ ಸಲ ಕೊಯ್ದಾಗಲೂ ಒಂದು ಶನಿವಾರ ಒಳ್ಳೆಯದಾಗುತ್ತಿತ್ತು. ಒಂದೇ ಒಂದು ಸಲ ಕೆಟ್ಟದಾಗಿದ್ದರೆ ನಾವು ಬೇರೆ ಕಡೆ ನೋಡುತ್ತಿದ್ದೆವೋ ಏನೋ.

ಮೂರನೆಯ ಅಳತೆ ಬೇಸಿಗೆಯ ಒಂದು ಭಾನುವಾರ. ದೊಡ್ಡ ಸಾಹೇಬರು ಬರುವ ಶನಿವಾರ ಮುಂದಿತ್ತು. ಕೊಂಡಾಪುರದ ಇಡೀ ಶಾಖೆಗೆ ಒಬ್ಬ ಮುಖ್ಯಸ್ಥನನ್ನು ಮಾಡುತ್ತಾರೆ ಎಂದು ಸುದ್ದಿ, ಅದು ಇವರೇ ಎಂದು ಇನ್ನೂ ದೊಡ್ಡ ಸುದ್ದಿ. ಸಾಹೇಬರ ಮುಂದೆ ಚೆಂಡು ಎಮ್ಮೆಗಳ ಕಡೆ ಹೋಗಬಾರದಲ್ಲ. ಇವರು ಬನಿಯನ್ ಮೇಲೆ ಪಡಸಾಲೆಯಲ್ಲಿ ನಿಂತರು. ನಾನು ಮಂಡಿಯೂರಿ ಕೂತು ಟೇಪು ಹಿಡಿದೆ. ಅತ್ತೆ ಸೋಫಾದ ಮೇಲೆ ಕಾಲು ಮಡಚಿ ಕೂತು ಮಗನನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು.

"ನೋಡವಾ, ನನ್ನ ಮಗಾ ಖರೇನ ಆಜಾನುಬಾಹು ಆಗಾಕತ್ತಾನ! ಕೈ ಮಣಕಾಲ ಮುಟ್ಟಾಕ ಬಂದಾವ!"

ಮೂವರೂ ನಕ್ಕೆವು. ಇವರು ಕೈಯನ್ನು ಇನ್ನೂ ಇಳಿಬಿಟ್ಟು ತೋರಿಸಿದರು. ಅತ್ತೆ ಎರಡೂ ಕೈಯಿಂದ ಗಾಳಿಯಲ್ಲೇ ಮಗನ ಮುಖ ಸವರಿ, ತಮ್ಮ ಹಣೆಗೆ ಬೆರಳು ಒತ್ತಿ ದೃಷ್ಟಿ ತೆಗೆದರು. ಟೇಪಿನಲ್ಲಿ ಮೂವತ್ತೆರಡೂವರೆ ಇತ್ತು.

ನಾನು ನಗುವುದನ್ನು ನಿಲ್ಲಿಸಿದೆ. ವಯಸ್ಸು ಮೂವತ್ತೈದು ದಾಟಿದ ಗಂಡಸಿಗೆ ಕೈ ಬೆಳೆಯುವುದಿಲ್ಲ. ಎದ್ದು ನಿಂತೆ. ನನ್ನ ಕಣ್ಣಿನ ನೇರಕ್ಕೆ ಇವರ ಕುತ್ತಿಗೆಯ ಬುಡ ಇತ್ತು. ಜೇಬಿನ ನೇರ ಎಲ್ಲಿ ಹೋಯಿತು? ಒಳಗೆ ಹೋಗಿ ನಾನೇ ಹೊಲಿದಿದ್ದ ಒಂದು ಹಳೆಯ ಅಂಗಿ ತಂದು ತೊಡಿಸಿದೆ. ಸೊಂಟದ ಕೆಳಗೆ ಎಷ್ಟು ಇಳಿಯಬೇಕೆಂದು ನನಗೆ ಗೊತ್ತು, ನಾನೇ ಮಡಚಿ ಹೊಲಿದದ್ದು. ಅದು ತೊಡೆಯ ಮೇಲೆ ಬಂದು ಬಿದ್ದಿತ್ತು. ಪ್ಯಾಂಟು ಮಾತ್ರ ಹಿಮ್ಮಡಿಗೆ ಸರಿಯಾಗಿ ನಿಂತಿತ್ತು. ಕಾಲು ಹಾಗೇ ಇದೆ, ಕೈ ಹಾಗೇ ಇದೆ, ನಡುವಿನದು ಕಡಿಮೆಯಾಗಿದೆ. ಬಟ್ಟೆಯಾದರೆ ಒಗೆದಾಗ ಕುಗ್ಗಿತು ಅನ್ನಬಹುದಿತ್ತು. ಇದು ಗಂಡ.

"ನೀವು ಗಿಡ್ಡ ಆಗಾಕತ್ತೀರಿ" ಅಂದೆ. "ನಾಳಿ ದೊಡ್ಡ ದವಾಖಾನಿಗೆ ಹೋಗೂಣ ನಡೀರಿ."

"ಶನಿವಾರ ಒಂದು ಮುಗೀಲಿ" ಅಂದರು.

"ಶನಿವಾರ ಹಾಳಾಗಿ ಹೋಗ್ಲಿ."

"ಒಂದ ವಾರಕ್ಕ ಏನಾಗ್ತೈತಿ? ನೀ ಸುಮ್ಮನ ಏನೇನರ ಅನಬ್ಯಾಡ."

ಅತ್ತೆ ನನ್ನನ್ನು ಗದರಿದರು. ದೃಷ್ಟಿ ತೆಗೆದ ಕೈ ಇನ್ನೂ ಇಳಿದಿಲ್ಲ, ಅಷ್ಟರಲ್ಲಿ ಸೊಸೆ ಅಪಶಕುನ ಆಡುತ್ತಿದ್ದಾಳೆ ಎಂದರು. ನಾನು ಕೂಗಾಡಿದೆ. ಕೊಂಡಾಪುರದಲ್ಲಿ ವಿಮಾನ ಇರಲಿಲ್ಲವಲ್ಲ, ಆ ಜಗಳ ಪೂರ್ತಿಯಾಯಿತು, ಆದರೂ ಇವರು ಬಗ್ಗಲಿಲ್ಲ. ಸಾಧು ಮನುಷ್ಯರ ಹಟ ಕೆಟ್ಟದ್ದು. ಸೋಮವಾರ ನಾನು ಆಫೀಸಿಗೆ ಹೋದೆ, ಇವರು ಬೇಗಂಪೇಟೆಗೆ ಹೋಗಿ ಇನ್ನೊಂದು ತುಂಡು ಕೊಯ್ಯಿಸಿಕೊಂಡು ಬಂದರು.

ಆ ಶನಿವಾರ ಹೆಂಡತಿಯರನ್ನೂ ಕರೆದಿದ್ದರು. ಬಿಳಿ ಬಟ್ಟೆ ಹೊದಿಸಿದ ಮೇಜುಗಳು, ತಂಪು ಪಾನೀಯ, ಇನ್ನೂ ಬಿಸಿಯೇರದ ಬಿಸಿಲು. ನನ್ನ ಪಕ್ಕದಲ್ಲಿ ಕೂತ ತೆಲುಗು ಹೆಂಗಸು ಕೊಳ್ಳಬೇಕೆಂದಿದ್ದ ಜಾಗದ ವಿಷಯ ಹೇಳುತ್ತಿದ್ದರು. ನಾನು ಇವರನ್ನೇ ನೋಡುತ್ತಿದ್ದೆ. ದೊಡ್ಡ ಸಾಹೇಬರ ಪಕ್ಕದಲ್ಲಿ ನಿಂತಿದ್ದರು. ಮೊದಲೆಲ್ಲ ಫೋಟೋಗಳಲ್ಲಿ ಸಾಹೇಬರಿಗಿಂತ ಇವರೇ ಎತ್ತರ ಕಾಣುತ್ತಿದ್ದರು. ಈಗ ಇಬ್ಬರ ಟೋಪಿಗಳೂ ಒಂದೇ ಮಟ್ಟದಲ್ಲಿದ್ದವು.

ಇವರ ಸರದಿ ಬಂತು. ಗಿಡ್ಡ ಡ್ರೈವರ್ ಎತ್ತಿ, ಸೊಂಟ ತಿರುಗಿಸಿ, ಬೀಸಿದರು. ಕೋಲಿನ ತಲೆ ಚೆಂಡಿಗೆ ತಗಲಿದ ಸದ್ದು ಚೆನ್ನಾಗಿತ್ತು. ಚೆಂಡು ಗೆರೆ ಎಳೆದ ಹಾಗೆ ನೆಟ್ಟಗೆ ಹೋಗಿ, ಎಲ್ಲರ ಚೆಂಡಿಗಿಂತ ದೂರ ಬಿದ್ದು, ಇನ್ನೂ ಮುಂದಕ್ಕೆ ಉರುಳಿತು. ಸಾಹೇಬರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. "ಎಂಥಾ ಶಾಟ್ ಮಾರಾಯ್ರೆ!" ಎಂದು ಸುಧಾಕರ ಕುಣಿದ. ಎಲ್ಲರ ಕಣ್ಣೂ ಚೆಂಡಿನ ಮೇಲಿತ್ತು. ಇವರು ಹುಲ್ಲಿನ ಮೇಲೆ ಕೂತದ್ದನ್ನು ನೋಡಿದವಳು ನಾನೊಬ್ಬಳೇ. ಖುಷಿಯಿಂದ ಕೂತರು ಎಂದು ಉಳಿದವರು ತಿಳಿದರು. ನಾನು ಓಡಿ ಹೋದೆ. ಇವರ ಮುಖ ಬೆವೆತಿತ್ತು, ಬಿಳಿಚಿಕೊಂಡಿತ್ತು. ಸುತ್ತ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಬೇರೆ ಯಾರಿಗೂ ತಿಳಿಯದಿರಲಿ ಎಂದು ಮೆಲ್ಲಗೆ ಹೇಳಿದರು:

"ಏಳಾಕ ಆಗವಲ್ದು."

ಎರಡು ಪಕ್ಕೆಲುಬು ಮುರಿದಿದ್ದವು. ಬೆನ್ನಿನ ಮೂಳೆಗಳು ಒಂದರ ಮೇಲೊಂದು ಕುಸಿದು ಕೂತಿದ್ದವು. ಮಜ್ಜೆಯಲ್ಲಿ ಕ್ಯಾನ್ಸರ್, ಅದು ಒಳಗಿನಿಂದ ಮೂಳೆಯನ್ನು ತಿನ್ನುತ್ತ ಬಂದಿದೆ, ಬಹಳ ಮುಂದೆ ಹೋಗಿದೆ ಎಂದರು. ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ತೆಲುಗಿನವರು. ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದುಕೊಂಡೇ, "ಮುಂದು ಎತ್ತು ಎಂತ ಉಂಡೇವಾರಮ್ಮಾ?" ಎಂದು ಕೇಳಿದರು. ಮೊದಲು ಎತ್ತರ ಎಷ್ಟಿದ್ದರು ಎಂದು. ನನಗೆ ತೆಲುಗು ಚೆನ್ನಾಗಿಯೇ ಬರುತ್ತದೆ. ಆದರೆ ಬಾಯಿಗೆ ಬಂದದ್ದು ಮಣಿಕಟ್ಟಿನಿಂದ ನೆಲದವರೆಗಿನ ಅಳತೆಗಳು. ಮೂವತ್ತೈದು, ಮೂವತ್ತನಾಲ್ಕು, ಮೂವತ್ತೆರಡೂವರೆ ಎಂದೆ. ಡಾಕ್ಟರು ಹಾಳೆ ಇಳಿಸಿ ನನ್ನ ಮುಖ ನೋಡಿದರು. ಯಾವ ರೋಗಿಯ ಮನೆಯವರೂ ಇಷ್ಟು ಕರಾರುವಾಕ್ಕಾಗಿ ರೋಗವನ್ನು ಅಳೆದು, ಅದಕ್ಕೆ ಸರಿಯಾಗಿ ಕೋಲು ಕೊಯ್ಯಿಸಿದ್ದನ್ನು ಅವರು ಕಂ​ಡಿರಲಿಕ್ಕಿಲ್ಲ.

ಆಮೇಲೆ ಇವರು ಇನ್ನೊಂದು ಬೇಸಿಗೆ ನೋಡಿದರು, ಇನ್ನೊಂದು ಮಳೆಗಾಲವನ್ನೂ ನೋಡಿದರು. ಅದರ ವಿವರ ಬರೆಯುವುದಿಲ್ಲ. ಆಸ್ಪತ್ರೆ ಕಂಡವರಿಗೆ ಗೊತ್ತಿದೆ, ಕಾಣದವರಿಗೆ ಗೊತ್ತಾಗುವುದು ಬೇಡ. ಶಾಖೆಯ ಮುಖ್ಯಸ್ಥ ಸುಧಾಕರ ಆದ. ವಾರಕ್ಕೊಮ್ಮೆ ಬಂದು ಇವರ ಕಾಲ ಬುಡದಲ್ಲಿ ಕೂರುತ್ತಿದ್ದ. ಏನೂ ಓದಿಕೊಂಡು ಬರುತ್ತಿರಲಿಲ್ಲ. ನೆಂಟರು ಬಂದವರು ಒಬ್ಬೊಬ್ಬರೂ ಒಂದೊಂದು ಕಾರಣ ತಂದರು. ಕಂಪ್ಯೂಟರ್ ಬಿಸಿಯಂತೆ, ಬೋರ್‌ವೆಲ್ ನೀರಂತೆ, ಆ ಹಾಳಾದ ಆಟವಂತೆ. ಒಬ್ಬರು, ಟೇಲರ್ ಮಗಳಾಗಿ ನಿನಗೆ ಗೊತ್ತಾಗಲಿಲ್ಲವೇ ಎಂದೂ ಕೇಳಿದರು. ಅವರನ್ನು ಬಾಗಿಲವರೆಗೆ ಕಳಿಸಿಬಂದೆ. ಮತ್ತೆ ಬರಲಿಲ್ಲ. ಗೊತ್ತಾಗಿತ್ತು. ಒಂದು ವಾರ ಮೊದಲು, ಇಡೀ ಕೊಂಡಾಪುರದಲ್ಲಿ ನನಗೊಬ್ಬಳಿಗೆ ಗೊತ್ತಾಗಿತ್ತು. ಅದರಿಂದ ಏನೂ ಆಗಲಿಲ್ಲ, ಅಷ್ಟೇ. ಆ ಸಿಟ್ಟು ಇವತ್ತಿಗೂ ಇದೆ, ಯಾರ ಮೇಲೆಂದು ಗೊತ್ತಾಗದೆ ಪಾರಿವಾಳಗಳ ಮೇಲೆ ಹೋಗುತ್ತದೆ.

ಇವರು ಕುಗ್ಗುತ್ತಲೇ ಹೋದರು. ಒಂದು ದಿನ ಸ್ನಾನ ಮಾಡಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದಾಗ ಇವರ ಹಣೆ ನನ್ನ ಹಣೆಗೆ ತಾಗಿತು. ಅಷ್ಟು ವರ್ಷದ ಸಂಸಾರದಲ್ಲಿ ನಿಂತಿರುವಾಗ ಹಾಗೆ ತಾಗಿದ್ದು ಅದೇ ಮೊದಲು. ಇಬ್ಬರಿಗೂ ನಾಚಿಕೆಯಾಯಿತು. "ಈಗ ಜೋಡಿ ಸರಿ ಆತಲ್ಲ" ಅಂದರು. ನಾನು ಒದ್ದೆ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡೆ. ಅತ್ತೆ ಆಮೇಲೆ ಎಂದೂ ಮಗನನ್ನು ಆಜಾನುಬಾಹು ಎಂದು ಹೊಗಳಲಿಲ್ಲ. ಕೈಗಳು ಮಾತ್ರ ಹಾಗೇ ಇದ್ದವು. ಹಾಸಿಗೆಯ ಎರಡೂ ಕಡೆ ಉದ್ದಕ್ಕೆ ಬಿದ್ದಿರುತ್ತಿದ್ದವು.

ಹೋದದ್ದು ಒಂದು ಮುಂಜಾನೆ, ಅತ್ತೆ ಹಣೆಗೆ ವಿಭೂತಿ ಹಚ್ಚುತ್ತಿರುವಾಗ.

ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಮಾಡುತ್ತಾರೆ. ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗ ತೆರವು ಮಾಡಿ, ಕುರ್ಚಿಯಲ್ಲಿ ಕೂಡಿಸಿದರು. ಬೆನ್ನು ನಿಲ್ಲಲಿಲ್ಲ. ಹಿಂದೆ ಹಲಗೆ ಕೊಟ್ಟು ಎದೆಗೆ ಬಟ್ಟೆ ಕಟ್ಟಿದರು. ಶಾಲು ಹೊದಿಸಿ, ಹೂವು ಹಾಕಿ, ಮುಖವೊಂದು ಕಾಣುವ ಹಾಗೆ ಬಿಟ್ಟರು. ಅಷ್ಟು ಹೂವಿನ ನಡುವೆ ಕೂತ ದೇಹ ತೀರ ಸಣ್ಣದಾಗಿ ಕಾಣುತ್ತಿತ್ತು. ಆಫೀಸಿನಿಂದ ಬಂದ ಹೊಸಬರಿಬ್ಬರು ಇವರೇ ಹೌದೋ ಅಲ್ಲವೋ ಎಂದು ಗುಸುಗುಸು ಮಾಡಿದ್ದು ನನ್ನ ಕಿವಿಗೆ ಬಿತ್ತು.

ಕುಣಿ ತೋಡುವವನು ಬಂದ. ಯಾದಗಿರಿ ಕಡೆಯವನು, ನಡುವಯಸ್ಸಿನ ಆಳು, ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದವನು. ನಮ್ಮ ಜನರಲ್ಲಿ ಯಾರಾದರೂ ತೀರಿಕೊಂಡರೆ ಹಿರಿಯರು ಅವನನ್ನೇ ಕರೆಯುತ್ತಿದ್ದರು. ಕುಣಿಯ ಅಳತೆಗೆ ಟೇಪು ಹಿಡಿಯುವುದಿಲ್ಲ. ಸತ್ತವರ ಪಾದವೇ ಅಳತೆ. ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ ಎಂದು ತೋಡುತ್ತಾರೆ. ಅವನು ಒಂದು ಸೀಳಿದ ಬಿದಿರಿನ ಕಡ್ಡಿ ತಂದಿದ್ದ. ಕೈ ಮುಗಿದು, ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಶಾಲಿನ ಅಂಚನ್ನು ಸ್ವಲ್ಪ ಸರಿಸಿ, ಇವರ ಬಲಪಾದದ ಹಿಮ್ಮಡಿಗೆ ಕಡ್ಡಿಯ ತುದಿ ಹಚ್ಚಿದ. ಕಡ್ಡಿ ಸಾಲಲಿಲ್ಲ. ಎದ್ದು ಹೋಗಿ ಇನ್ನೊಂದು ಸೀಳಿಕೊಂಡು ಬಂದ. ಹೆಬ್ಬೆರಳಿನ ಹತ್ತಿರ ಉಗುರಿನಿಂದ ಗುರುತು ಮಾಡಿಕೊಂಡು ಅದನ್ನೊಮ್ಮೆ ನೋಡಿದ, ಕುರ್ಚಿಯಲ್ಲಿ ಕೂತ ಆ ಸಣ್ಣ ದೇಹವನ್ನೊಮ್ಮೆ ನೋಡಿದ. ಪಕ್ಕದಲ್ಲಿ ನೆಲಕ್ಕೆ ಕೂತಿದ್ದ ನನ್ನನ್ನು ದನಿ ತಗ್ಗಿಸಿ ಕೇಳಿದ:

"ತಪ್ಪ ತಿಳೀಬ್ಯಾಡ್ರಿ ಅವ್ವಾರ. ಸಾವ್ಕಾರ್ರು ಭಾಳ ಎತ್ತರದ ಆಳ ಇದ್ರೇನ್ರಿ?"

ಒಂದೂವರೆ ವರ್ಷದಲ್ಲಿ ಇವರನ್ನು ನೋಡಿ ಯಾರೂ ಕೇಳದಿದ್ದ ಮಾತು ಅದು. ಬೆಳಗಿನಿಂದ ಅತ್ತಿರಲಿಲ್ಲ, ಆಗ ಅಳು ಬಂತು.

"ಹೌದಪಾ" ಅಂದೆ, "ಭಾಳ ಎತ್ತರ ಇದ್ರು."

"ಹಂಗಾರ ಕುಣಿ ದೊಡ್ಡದ ಆಗ್ತೈತ್ರಿ."

"ದೊಡ್ಡದ ತೆಗಿ" ಅಂದೆ. "ಒಂದ ಬೆರಳ ಸುದ್ದಾ ಗಿಡ್ಡ ಮಾಡಬ್ಯಾಡ."